ಎಂಟಿಲ್ಲದ ಸಂಖ್ಯೆ

ಬೊದ್ನಾರ್ ಪಿರೋಷ್ಕಾ ಕೆಲಸ ಮಾಡುವ ಸದ್ದು ಪಕ್ಕದ ಮೇಜಿಗೂ ಕೇಳುತ್ತಿರಲಿಲ್ಲ. ಟಿಸಾ ನದಿಯ ದಂಡೆಯ ನಮ್ಮೂರಿನ ಲೆಕ್ಕದ ಕಚೇರಿಯಲ್ಲಿ ಹನ್ನೆರಡು ಹೆಂಗಸರು, ಈ ಕೋಣೆಯಲ್ಲಿ ಆರು, ಆ ಕೋಣೆಯಲ್ಲಿ ಆರು, ಬೆಳಗಿನಿಂದ ಸಂಜೆಯವರೆಗೆ ಗುಣಾಕಾರದ ಯಂತ್ರಗಳ ಗುಂಡಿ ಕುಟ್ಟುತ್ತಿದ್ದರು. ಪಿರೋಷ್ಕಾ ಕುಟ್ಟುತ್ತಿರಲಿಲ್ಲ, ಮುಟ್ಟುತ್ತಿದ್ದಳು. ತಾಯಿ ಲೇಸು ಹೆಣೆದು ಮನೆ ನಡೆಸಿದವಳು. ಆ ಬೆರಳೇ ಮಗಳಿಗೂ ಬಂದಿತ್ತು. “ನಿನ್ನ ಯಂತ್ರಕ್ಕೆ ಜೋಗುಳ ಹಾಡ್ತೀಯೇನೇ?” ಎಂದು ಆಚೆ ಕೋಣೆಯ ಏರ್ನಾ ಊಟದ ಹೊತ್ತಿನಲ್ಲಿ ರೇಗಿಸುತ್ತಿದ್ದಳು. ರೇಗಿಸಲಿ ಬಿಡಿ, ದಿನಕ್ಕೆ ಎಲ್ಲರಿಗಿಂತ ಮೂವತ್ತು ಗುಣಾಕಾರ ಹೆಚ್ಚು ಮುಗಿಸುತ್ತಿದ್ದವಳು ಪಿರೋಷ್ಕಾಳೇ.

ಅವಳ ಬದುಕಿನಲ್ಲಿ ಹೇಳಿಕೊಳ್ಳುವಂಥ ಸುಖವೇನೂ ಇರಲಿಲ್ಲ. ಯುದ್ಧಕ್ಕೆ ಹೋದ ಗಂಡ ದೋನ್ ನದಿಯ ಹಿಮದಲ್ಲೇ ಉಳಿದ. ಅಪ್ಪನ ಕಾಗದ-ಶಾಯಿಯ ಅಂಗಡಿಯನ್ನು ಸರ್ಕಾರ ತೆಗೆದುಕೊಂಡಿತು. ಅಣ್ಣ 1948ರಲ್ಲಿ ಯಾರಿಗೂ ಹೇಳದೆ ಗಡಿ ದಾಟಿ ವಿಯೆನ್ನಾ ಸೇರಿದ. ಅವನೇನೋ ಹೋಗಿ ಚೆನ್ನಾಗಿದ್ದ; ಇಲ್ಲಿ ಉಳಿದವಳ ಕಡತದಲ್ಲಿ ಕೆಂಪು ಗೆರೆ ಬಿತ್ತು. ಅಂಥವಳನ್ನು ಕೆಲಸದಿಂದ ತೆಗೆಯಿರಿ ಎಂದು ಮೇಲಿನವರು ಎರಡು ಸಲ ಬರೆದರು. ಎರಡು ಸಲವೂ “ಇವಳಷ್ಟು ಚುರುಕಾದವಳನ್ನು ಕಳಿಸಿಕೊಡಿ, ಆಮೇಲೆ ನೋಡೋಣ” ಎಂದು ಉತ್ತರ ಬರೆದವರು ಕಚೇರಿಯ ಮುಖ್ಯಸ್ಥ ಕೆಲೆಮೆನ್ ಲೊರಾಂದ್. ಹಿಂದೆ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವರು, ಕಚೇರಿಗೆ ಬಂದ ಮೇಲೂ ಎಲ್ಲರ ಬಾಯಲ್ಲಿ ಮೇಷ್ಟ್ರೇ. ಅಂಗಿಯ ತೋಳಿನಲ್ಲಿ ಸದಾ ಸೀಮೆಸುಣ್ಣದ ಪುಡಿ.

ಮೇಷ್ಟ್ರಿಗೆ ಮದುವೆಯಾಗಿರಲಿಲ್ಲ. ಒಂದು ಸಂಖ್ಯೆಯ ಮೇಲೆ ಪ್ರೀತಿಯಿತ್ತು: 12345679. ಒಂದು ಕೋಟಿ ಇಪ್ಪತ್ಮೂರು ಲಕ್ಷ ಚಿಲ್ಲರೆ. ಒಂದರಿಂದ ಒಂಬತ್ತರವರೆಗೆ ಅಂಕಿಗಳು ಸಾಲಾಗಿ ನಿಂತಿವೆ, ನಡುವೆ ಎಂಟು ಮಾತ್ರ ಇಲ್ಲ. ಒಂಬತ್ತರಿಂದ ಗುಣಿಸಿದರೆ ಉತ್ತರದಲ್ಲಿ ಬರೀ ಒಂದು: 111111111. ಹದಿನೆಂಟರಿಂದ ಗುಣಿಸಿದರೆ ಬರೀ ಎರಡು, ಇಪ್ಪತ್ತೇಳರಿಂದ ಬರೀ ಮೂರು. ಹೊಸದಾಗಿ ಕೆಲಸಕ್ಕೆ ಬಂದವಳನ್ನು ಕೂರಿಸಿಕೊಂಡು, “ನಿನಗೆ ಯಾವ ಅಂಕಿ ಇಷ್ಟಾನಮ್ಮ?” ಎಂದು ಕೇಳುತ್ತಿದ್ದರು. ಪಿರೋಷ್ಕಾ ಮೊದಲ ದಿನ ನಾಲ್ಕು ಎಂದಿದ್ದಳು. “ಹಾಗಿದ್ರೆ ಮೂವತ್ತಾರರಿಂದ ಗುಣಿಸು ಮಗಳೇ.” ಯಂತ್ರದ ಕಿಂಡಿಯಲ್ಲಿ ಒಂಬತ್ತು ನಾಲ್ಕುಗಳು ಎದ್ದು ನಿಂತಾಗ ಗಂಡ ಸತ್ತ ಮೂರು ವರ್ಷದಲ್ಲಿ ಮೊದಲ ಸಲ ಅವಳು ಬಾಯಿಬಿಟ್ಟು ನಕ್ಕಿದ್ದಳು. ಆಮೇಲೆ ಮೇಷ್ಟ್ರು ಎರಡನೇ ಪ್ರಶ್ನೆ ಕೇಳಿದ್ದರು: “ಸರಿ, ಈಗ ಹೇಳು, ಎಂಟು ಎಲ್ಲಿ ಹೋಯ್ತು?”

ಈ ಸಂಖ್ಯೆಯೇ ಕಚೇರಿಯ ಬೆಳಗಿನ ಪರೀಕ್ಷೆ. ಎಂಟು ಗಂಟೆಗೆ ಹನ್ನೆರಡು ಹೆಂಗಸರೂ ಅದನ್ನು ಒತ್ತಿ, ಹಿಡಿಕೆಯನ್ನು ಒಂಬತ್ತು ಸುತ್ತು ತಿರುಗಿಸುತ್ತಿದ್ದರು. ಕಿಂಡಿಯಲ್ಲಿ ಎಲ್ಲವೂ ಒಂದಾಗಿ ನಿಂತರೆ ಯಂತ್ರ ನೆಟ್ಟಗಿದೆ ಎಂದರ್ಥ. ಒಂದು ಕಡೆಯಾದರೂ ಬೇರೆ ಅಂಕಿ ಇಣುಕಿದರೆ ರಿಪೇರಿಗೆ. “ಒಂದೇ!” ಎಂದು ಒಬ್ಬೊಬ್ಬರೂ ಕೂಗಿ ಪುಸ್ತಕದಲ್ಲಿ ಸಹಿ ಹಾಕಬೇಕು. ಹೆಂಗಸರು ಆ ಸಂಖ್ಯೆಗೆ ಇಟ್ಟ ಅಡ್ಡಹೆಸರು ಹಲ್ಲುಮುರುಕಿ. “ಹಲ್ಲುಮುರುಕಿ ಇವತ್ತು ಏನಂದ್ಲು?” “ಚೆನ್ನಾಗಿದ್ದೀನಿ ಅಂದ್ಲು ಕಣೇ, ಎಂಟೊಂದು ಬಿಟ್ಟು!” ದಿನಾ ಇದೇ ತಮಾಷೆ, ದಿನಾ ಇದೇ ನಗು.

ಅಲ್ಲಿ ಮಾಡುತ್ತಿದ್ದ ಲೆಕ್ಕ ನಗುವಂಥದ್ದಾಗಿರಲಿಲ್ಲ. ನದಿಯ ಏರಿ ಎಲ್ಲೆಲ್ಲಿ ಎಷ್ಟು ಎತ್ತರವಿರಬೇಕು ಎಂಬುದು ಆ ಹಾಳೆಗಳಿಂದ ತೀರ್ಮಾನವಾಗುತ್ತಿತ್ತು. ಅದಕ್ಕೇ ಪ್ರತಿ ಹಾಳೆಯನ್ನೂ ಇಬ್ಬರು ಮಾಡಬೇಕು, ಈ ಕೋಣೆಯಲ್ಲಿ ಒಬ್ಬಳು, ಆ ಕೋಣೆಯಲ್ಲಿ ಒಬ್ಬಳು, ಪರಸ್ಪರ ತುಟಿ ಬಿಚ್ಚುವಂತಿಲ್ಲ. ಪಿರೋಷ್ಕಾಳ ಜೋಡಿ ಏರ್ನಾ. ತಿಂಗಳ ಕೊನೆಗೆ ಎರಡೂ ಹಾಳೆಗಳನ್ನು ಪಕ್ಕಪಕ್ಕ ಇಟ್ಟು ನೋಡುತ್ತಾರೆ. ಹೊಂದದ ಸಾಲು ಹತ್ತು ದಾಟಿದರೆ ರಾಜಧಾನಿಗೆ ವರದಿ.

1952ರ ಜನವರಿಯ ಹಾಳೆಗಳಲ್ಲಿ ಅಂಥ ಸಾಲು ನಲವತ್ತೊಂದು ಬಂದವು.

ಮೇಷ್ಟ್ರು ಕೂತು ನಲವತ್ತೊಂದನ್ನೂ ಪೆನ್ಸಿಲ್ಲಿನಲ್ಲಿ ಗುಣಿಸಿದರು. ನಲವತ್ತೊಂದರಲ್ಲೂ ಏರ್ನಾ ಸರಿ, ಪಿರೋಷ್ಕಾ ತಪ್ಪು. ಫೆಬ್ರವರಿಯ ಮೊದಲ ಗುರುವಾರ ಬೆಳಿಗ್ಗೆ ಹತ್ತಕ್ಕೆ ಕಪ್ಪು ಕಾರೊಂದು ಬಾಗಿಲಿಗೆ ಬಂದು ನಿಂತಿತು. ಅದರಿಂದ ಇಳಿದವನು ತನಿಖೆಯ ಅಧಿಕಾರಿ ಶಿಪೋಶ್. ಒಳ್ಳೆಯ ಉಣ್ಣೆಯ ಕೋಟು, ಬೇಕರಿಯವನ ಹಾಗೆ ದಪ್ಪ ಕೈ, ಮೃದುವಾದ ಮಾತು. ಗದರಿಸುವವನಾಗಿದ್ದರೆ ಇಷ್ಟು ಭಯವಾಗುತ್ತಿರಲಿಲ್ಲ.

ಮೇಷ್ಟ್ರ ಕೋಣೆಗೆ ಕರೆಸಿ, ನಲವತ್ತೊಂದು ತಪ್ಪುಗಳ ಪಟ್ಟಿಯನ್ನು ಪಿರೋಷ್ಕಾಳ ಮುಂದಿಟ್ಟ. “ಕಾಮ್ರೇಡ್ ಬೊದ್ನಾರ್, ಮನುಷ್ಯರು ತಪ್ಪು ಮಾಡ್ತಾರೆ, ನಾನೂ ಮಾಡ್ತೀನಿ. ಆದರೆ ನನ್ನ ತಪ್ಪು ಒಮ್ಮೆ ಹೆಚ್ಚಾಗತ್ತೆ, ಒಮ್ಮೆ ಕಡಿಮೆಯಾಗತ್ತೆ. ನಿಮ್ಮದು ನೋಡಿ. ನಲವತ್ತೊಂದಕ್ಕೆ ನಲವತ್ತೊಂದೂ ಕಡಿಮೇನೇ. ಏರಿ ತಗ್ಗಾಗತ್ತೆ, ನೀರು ಊರೊಳಗೆ ಬರತ್ತೆ. ವಿಯೆನ್ನಾದಲ್ಲಿರೋ ನಿಮ್ಮಣ್ಣನಿಗೆ ಇದರಿಂದ ಏನು ಸಿಗತ್ತೆ?”

“ನನಗೆ ಗೊತ್ತಿಲ್ಲ. ಅಂದ್ರೆ... ನಾನು ಸರಿಯಾಗೇ ಒತ್ತಿದ್ದೀನಿ.”

“ಯಂತ್ರ ಕೆಟ್ಟಿತ್ತಾ?”

ಅವಳು ಮೇಷ್ಟ್ರ ಮುಖ ನೋಡಿದಳು. ಮೇಷ್ಟ್ರು ಪರೀಕ್ಷೆಯ ಪುಸ್ತಕ ತೆರೆದಿಟ್ಟುಕೊಂಡು ಕೂತಿದ್ದರು. ಜನವರಿಯ ಪ್ರತಿ ಬೆಳಿಗ್ಗೆಯೂ ಅವಳದೇ ಕೈಬರಹ: ಒಂದೇ. ಒಂದೇ. ಒಂದೇ. “ಯಂತ್ರ ಸರಿಯಾಗಿತ್ತು,” ಎಂದರು ಅವರು ತೀರಾ ಸಣ್ಣ ದನಿಯಲ್ಲಿ. ಸುಳ್ಳು ಹೇಳಲು ಬಾರದ ಮನುಷ್ಯ. ಅಂಥವರಿಂದ ಊರಿಗೆ ಆಗುವ ಉಪಕಾರ ಅಷ್ಟಕ್ಕಷ್ಟೇ.

“ಎರಡು ಗಂಟೆಗೆ ಹೊರಡೋಣ,” ಎಂದ ಶಿಪೋಶ್. “ಅಷ್ಟರಲ್ಲಿ ಏನಾದ್ರೂ ನೆನಪಾದ್ರೆ ಹೇಳಿ. ಬೆಚ್ಚನೆಯ ಬಟ್ಟೆ ಇದ್ರೆ ಹಾಕ್ಕೊಳ್ಳಿ.”

ಬಟ್ಟೆಯ ಮಾತು ಬಂದ ಮೇಲೆ ಅರ್ಥವಾಗದವರು ಆಗ ನಮ್ಮೂರಿನಲ್ಲಿ ಯಾರೂ ಇರಲಿಲ್ಲ. ಹಾಗೆ ಹೋದ ಅಂಚೆಯ ಗುಮಾಸ್ತ ಎರಡು ವರ್ಷವಾದರೂ ತಿರುಗಿ ಬಂದಿರಲಿಲ್ಲ.

ಪಿರೋಷ್ಕಾ ತನ್ನ ಮೇಜಿಗೆ ಬಂದು ಕೂತಳು. ಊಟದ ಹೊತ್ತಾಯಿತು. ಹಂದಿಯ ಕೊಬ್ಬು ಸವರಿದ ರೊಟ್ಟಿಯ ಮೇಲೆ ಈರುಳ್ಳಿಯ ಬಿಲ್ಲೆ, ಕೆಂಪು ಮೆಣಸಿನಪುಡಿ ಉದುರಿಸಿ ಬೇರೆಯವರು ತಿಂದರು. ಅವಳ ಪಕ್ಕದ ಕುರ್ಚಿ ಖಾಲಿಯೇ ಉಳಿಯಿತು. ಏರ್ನಾ ಬಾಗಿಲವರೆಗೆ ಬಂದು, ನಿಂತು, “ನಾನೇನೂ ಹೇಳ್ಲಿಲ್ಲ ಕಣೇ ಅವರಿಗೆ, ದೇವರಾಣೆ,” ಎಂದು ಪಿಸುಗುಟ್ಟಿ ಹೊರಟುಹೋದಳು.

ಪಿರೋಷ್ಕಾಳ ಕೈಯಲ್ಲಿದ್ದದ್ದು ಆ ಪಟ್ಟಿ ಒಂದೇ. ಅಳು ಬಂದರೆ ಅಂಕಿ ಮಸುಕಾಗುತ್ತದೆ ಎಂದು ಅಳಲಿಲ್ಲ. ಮೊದಲ ಸಾಲು: 2486ನ್ನು 37ರಿಂದ ಗುಣಿಸಬೇಕಿತ್ತು. ಬರಬೇಕಾದದ್ದು 91982, ಅವಳು ಬರೆದದ್ದು 91612. ಕಡಿಮೆ ಬಿದ್ದದ್ದು 370. ಎರಡನೆಯದು: 1803ನ್ನು 52ರಿಂದ. ಕಡಿಮೆ ಬಿದ್ದದ್ದು 5200. ಮೂವತ್ತೇಳಕ್ಕೆ ಮುನ್ನೂರ ಎಪ್ಪತ್ತು, ಐವತ್ತೆರಡಕ್ಕೆ ಐದು ಸಾವಿರದ ಇನ್ನೂರು. ಹತ್ತರಷ್ಟು, ನೂರರಷ್ಟು. ಅಂದರೆ ಗುಣಿಸಿದ್ದು ಸರಿ, ಒತ್ತಿದ ಸಂಖ್ಯೆಯಲ್ಲೇ ಒಂದು ಅಂಕಿ ಒಂದರಷ್ಟು ಕಡಿಮೆ ಬಿದ್ದಿದೆ. ಮೊದಲನೆಯದರಲ್ಲಿ ಹತ್ತರ ಮನೆ. ಅಲ್ಲಿರುವುದು ಎಂಟು. ಎರಡನೆಯದರಲ್ಲಿ ನೂರರ ಮನೆ. ಅಲ್ಲೂ ಎಂಟು.

 ಮೂರನೆಯದು, ನಾಲ್ಕನೆಯದು, ಹದಿನೈದನೆಯದು. ಎಂಟು, ಎಂಟು, ಎಂಟು. ನಲವತ್ತೊಂದರಲ್ಲಿ ಎಂಟಿಲ್ಲದ ಸಾಲು ಒಂದೂ ಇಲ್ಲ.

ಗಡಿಯಾರದಲ್ಲಿ ಒಂದೂ ಮುಕ್ಕಾಲು. ಅವಳು ಎಂಟರ ಗುಂಡಿಯನ್ನು ತನ್ನ ಎಂದಿನ ಬೆರಳಿನಿಂದ ಒಂದು ಸಲ ಒತ್ತಿ ಹಿಡಿಕೆ ತಿರುಗಿಸಿದಳು. 8. ಇನ್ನೊಮ್ಮೆ. 8. ಮತ್ತೊಮ್ಮೆ. 7. ಗುಂಡಿಯ ಕೆಳಗಿನ ಕೊಕ್ಕೆ ಸವೆದಿದೆ. ಕುಟ್ಟಿದರೆ ಎಂಟಕ್ಕೆ ಇಳಿಯುತ್ತದೆ, ಮುಟ್ಟಿದರೆ ಕೆಲವು ಸಲ ಏಳಕ್ಕೇ ನಿಂತುಬಿಡುತ್ತದೆ. ಒತ್ತಿದ ಅಂಕಿಯನ್ನು ತೋರಿಸುವ ಕಿಂಡಿ ಆ ಹಳೆಯ ಯಂತ್ರಗಳಿಗೆ ಇರಲಿಲ್ಲ, ಉತ್ತರದ ಕಿಂಡಿ ಮಾತ್ರ. ಬೆಳಗಿನ ಪರೀಕ್ಷೆ ಇದನ್ನು ಹಿಡಿಯುವುದಾದರೂ ಹೇಗೆ? ಪರೀಕ್ಷೆಯ ಸಂಖ್ಯೆಯಲ್ಲಿ ಎಂಟೇ ಇಲ್ಲ! ಆರು ವರ್ಷ ಅದನ್ನೇ ಹೇಳಿಕೊಂಡು ನಕ್ಕಿದ್ದಾರೆ. ದೀಪದ ಬುಡದಲ್ಲೇ ಕತ್ತಲೆ ಎನ್ನುವುದು ಇದಕ್ಕೇ. ಹೊರಗಿನ ಒಬ್ಬ ದಡ್ಡ ಬಂದು ನೋಡಿದ್ದರೆ ಮೊದಲ ದಿನವೇ ಕೇಳುತ್ತಿದ್ದ. ಎಂಟು ಎಲ್ಲಿ ಹೋಯಿತು ಎಂದು ಚೆನ್ನಾಗಿ ಗೊತ್ತಿದ್ದವರಿಗೆ, ಅದು ಯಂತ್ರದಲ್ಲಿ ಎಲ್ಲಿ ಕೂತಿದೆ ಎಂದು ನೋಡುವ ಬುದ್ಧಿ ಬರಲಿಲ್ಲ.

ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು. ಆ ಗಳಿಗೆಯಲ್ಲಿ ಅವಳಿಗೆ ಕಂಡದ್ದು ದೊಣ್ಣೆ ಮಾತ್ರ. ತಪ್ಪಿದ ದೊಣ್ಣೆ ಮುಂದೆ ಯಾರ ಮೇಲೆ ಬೀಳುತ್ತದೆ ಎಂದು ಅವಳು ಯೋಚಿಸಲಿಲ್ಲ.

ಎರಡು ಗಂಟೆಗೆ ಶಿಪೋಶ್ ಕೋಟು ಹಾಕಿಕೊಂಡೇ ಬಂದ. ಹಿಂದೆ ಮೇಷ್ಟ್ರು. ಎರಡೂ ಕೋಣೆಯ ಹೆಂಗಸರನ್ನು ಕರೆಸಿ ಗೋಡೆಗೆ ಸಾಲಾಗಿ ನಿಲ್ಲಿಸಿದರು. ಇಂಥದ್ದನ್ನು ನಾಲ್ಕು ಜನ ನೋಡಬೇಕು ಎನ್ನುವುದು ಆಗಿನ ರೀತಿ.

“ಎಂಟರ ಗುಂಡಿ ಕೆಟ್ಟಿದೆ,” ಎಂದಳು ಪಿರೋಷ್ಕಾ.  “ನೀವೇ ಒತ್ತಿ ನೋಡಿ.”

ಶಿಪೋಶ್ ತನ್ನ ದಪ್ಪ ಹೆಬ್ಬೆರಳನ್ನು ಎಂಟು ಸಲ ಊರಿ, ಹಿಡಿಕೆಯನ್ನು ಒಂದು ಸುತ್ತು ತಿರುಗಿಸಿದ. ಎಲ್ಲರೂ ಬಗ್ಗಿದರು. ಕಿಂಡಿಯಲ್ಲಿ 88888888. ಒಂದೂ ತಪ್ಪಿಲ್ಲ.

“ಚೆನ್ನಾಗಿದೆಯಲ್ಲ ಯಂತ್ರ!” ಎಂದ. 

“ಹೆಬ್ಬೆರಳು ಬೇಡ. ಕಿರುಬೆರಳಲ್ಲಿ ಒತ್ತಿ.”

“ಏನಂದ್ರಿ?”

“ಕಿರುಬೆರಳಲ್ಲಿ. ಮಗುವಿನ ಕೆನ್ನೆ ಮುಟ್ಟೋ ಹಾಗೆ. ನಾನು ಒತ್ತಿದರೆ ನೀವು ನಂಬಲ್ಲ. ಅದಕ್ಕೇ ನೀವೇ ಒತ್ತಿ ಅಂತಿರೋದು.” ಹಾಗೆ ಹೇಳುವ ಧೈರ್ಯ ತನ್ನೊಳಗೆ ಎಲ್ಲಿತ್ತೋ ಅವಳಿಗೆ ಕೊನೆಯವರೆಗೂ ತಿಳಿಯಲಿಲ್ಲ.

 ಶಿಪೋಶ್ ಉಂಗುರ ತೆಗೆದಿಟ್ಟು, ಕಿರುಬೆರಳಿನಿಂದ ಎಂಟು ಸಲ ಮುಟ್ಟಿ ಹಿಡಿಕೆ ತಿರುಗಿಸಿದ. 88788878. ಇನ್ನೊಮ್ಮೆ ಮಾಡಿದ. 78888788. ಮೂರನೇ ಸಲವೂ ಮಾಡಿ, ಮೂರನ್ನೂ ತನ್ನ ಪುಸ್ತಕದಲ್ಲಿ ಬರೆದುಕೊಂಡ. ಪಟ್ಟಿಯ ಒಂದೊಂದು ಸಾಲಿನಲ್ಲೂ ಎಂಟು ಹುಡುಕಿ ಗೀಟು ಹಾಕಿದ. ದಡ್ಡನಲ್ಲ ಅವನು, ದಡ್ಡನಾಗಿದ್ದರೆ ಅಂದಿನ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

“ಕುತ್ಕೊಳ್ಳಿ ಕಾಮ್ರೇಡ್ ಬೊದ್ನಾರ್,” ಎಂದ. ಅವಳು ಕೂತಳು. ಬದುಕಿದೆ ಎಂದುಕೊಂಡಳು. ಬಾಗಿಲ ಬಳಿ ಏರ್ನಾ ಶಿಲುಬೆಯ ಗುರುತು ಮಾಡಿಕೊಳ್ಳಹೋಗಿ, ಅಧಿಕಾರಿಯ ನೆನಪಾಗಿ ಕೈ ಕೆಳಗಿಳಿಸಿದಳು.

“ಆದರೆ ಒಂದು ಅರ್ಥವಾಗ್ತಿಲ್ಲ,” ಶಿಪೋಶ್ ಮುಂದುವರಿಸಿದ. “ದಿನಾ ಬೆಳಿಗ್ಗೆ ಪರೀಕ್ಷೆ ಮಾಡ್ತೀರಿ. ಇಡೀ ತಿಂಗಳು ಇದು ಹೇಗೆ ಸಿಕ್ಕಿಬೀಳಲಿಲ್ಲ?”

ದೊಣ್ಣೆ ಯಾರ ಕಡೆ ತಿರುಗುತ್ತಿದೆ ಎಂದು ಪಿರೋಷ್ಕಾಳಿಗೆ ಆಗ ಹೊಳೆಯಿತು.  ಬೇರೆ ಏನಾದರೂ ಹೇಳಬೇಕು, ಈಗಲೇ ಹೇಳಬೇಕು. “ಕೊಕ್ಕೆ ಬೆಳಿಗ್ಗೆ ಚಳಿಗೆ ಬಿಗಿಯಾಗಿರತ್ತೆ, ಆಮೇಲೆ...” ಎಂದು ಶುರುಮಾಡಿದಳು.

“ಛೆ, ಛೆ, ಹಾಗಲ್ಲ ಮಗಳೇ,” ಎಂದರು ಮೇಷ್ಟ್ರು. “ಹಲ್ಲುಮುರುಕಿಯಲ್ಲಿ ಎಂಟೇ ಇಲ್ಲವಲ್ಲ!” ಅವರ ಮುಖ ಬೆಳಗಿತ್ತು. ವಾರದಿಂದ ಬಿಡಿಸಲಾಗದ ಲೆಕ್ಕ ಬಿಡಿಸಿಕೊಂಡಿತ್ತು, ಪಿರೋಷ್ಕಾ ಉಳಿದಿದ್ದಳು. ಆ ಸಂತೋಷದಲ್ಲಿ ಅವರು ಎದುರಿಗೆ ನಿಂತವನು ಯಾರೆಂಬುದನ್ನೇ ಮರೆತಿದ್ದರು.

“ಹಲ್ಲುಮುರುಕಿ ಅಂದ್ರೆ?”

ಮೇಷ್ಟ್ರು ಸೀಮೆಸುಣ್ಣ ತೆಗೆದುಕೊಂಡರು. ಹಲಗೆಯ ಮೇಲೆ ಸಂಖ್ಯೆ ಬರೆದರು, ಒಂಬತ್ತರಿಂದ ಗುಣಿಸಿ ತೋರಿಸಿದರು. “ಸುಂದರವಾಗಿದೆ,” ಎಂದ ಶಿಪೋಶ್, ಕೋಟು ಬಿಚ್ಚುತ್ತಾ. “ಎಂಟು ಎಲ್ಲಿ ಹೋಯ್ತು?”

ಮೂವತ್ತು ವರ್ಷದಿಂದ ಆ ಪ್ರಶ್ನೆಯನ್ನು ಬೇರೆಯವರಿಗೆ ಕೇಳುತ್ತಿದ್ದವರನ್ನು ಮೊದಲ ಸಲ ಒಬ್ಬ ತಾನಾಗಿ ಕೇಳಿದ್ದ. ಅವರು ತಡೆದುಕೊಳ್ಳುವುದುಂಟೇ? “ಒಂದನ್ನ ಎಂಬತ್ತೊಂದರಿಂದ ಭಾಗಿಸಿ ಕಾಮ್ರೇಡ್. ಬಿಂದುವಿನ ನಂತರ ಸೊನ್ನೆ, ಒಂದು, ಎರಡು, ಮೂರು ಅಂತ ಸಾಲಾಗಿ ಬರ್ತವೆ. ಎಂಟು, ಒಂಬತ್ತು ಆದ್ಮೇಲೆ ಹತ್ತು ಬರಬೇಕು. ಹತ್ತಕ್ಕೆ ಒಂದು ಮನೆ ಸಾಲಲ್ಲ ನೋಡಿ, ತನ್ನ ಒಂದನ್ನ ಪಕ್ಕದ ಒಂಬತ್ತರ ಮೇಲೆ ಹೇರತ್ತೆ. ಒಂಬತ್ತೂ ಹತ್ತಾಗಿ, ಅದರ ಒಂದನ್ನ ಎಂಟರ ಮೇಲೆ ಹೇರತ್ತೆ. ಎಂಟು ಒಂಬತ್ತಾಗತ್ತೆ. ಕಳೆದೇನೂ ಹೋಗಿಲ್ಲ ಪಾಪ, ಹಿಂದಿನವರ ಹೊರೆ ಹೊತ್ತು ಗುರುತು ಸಿಗದ ಹಾಗಾಗಿದೆ!”

“ಮೇಷ್ಟ್ರೇ, ಸಾಕು,” ಎಂದಳು ಪಿರೋಷ್ಕಾ.

“ಇರಲಿ, ಹೇಳಲಿ,” ಎಂದ ಶಿಪೋಶ್. “ಈ ಸಂಖ್ಯೆಯನ್ನ ಪರೀಕ್ಷೆಗೆ ಆರಿಸಿದವರು ಯಾರು?”

“ನಾನೇ.”

“ಅದರಲ್ಲಿ ಎಂಟಿಲ್ಲ ಅಂತ ಆಗಲೇ ಗೊತ್ತಿತ್ತಾ?”

“ಗೊತ್ತಿಲ್ದೆ ಏನು? ಈ ಕಚೇರಿಯ ಬೆಕ್ಕಿಗೂ ಗೊತ್ತು!” ಎಂದು ಮೇಷ್ಟ್ರು ನಕ್ಕರು. ಯಾರೂ ಜೊತೆಗೆ ನಗಲಿಲ್ಲ. ಆಗ ಅವರ ಕೈಯಲ್ಲಿದ್ದ ಸೀಮೆಸುಣ್ಣ ಮೆಲ್ಲಗೆ ಕೆಳಗಿಳಿಯಿತು.

ಶಿಪೋಶ್ ಕೂತು ಬರೆಯತೊಡಗಿದ. ಐದೇ ಸಾಲು. ಬರೆದದ್ದನ್ನು ಪಿರೋಷ್ಕಾಳ ಕಡೆ ತಿರುಗಿಸಿದ. ಯಂತ್ರದ ದೋಷ ಹೊರಬೀಳದಂಥ ಸಂಖ್ಯೆಯನ್ನು ಮುಖ್ಯಸ್ಥ ಕೆಲೆಮೆನ್ ಲೊರಾಂದ್ ತಿಳಿದೂ ತಿಳಿದೂ ಆರಿಸಿದ್ದಾನೆ. ಇದನ್ನು ಬಯಲಿಗೆಳೆದವಳು ಕಾಮ್ರೇಡ್ ಬೊದ್ನಾರ್. ಕೆಳಗೆ ಸಾಕ್ಷಿಯ ಸಹಿಗೆ ಜಾಗ. “ಇಲ್ಲಿ ಹಾಕಿ. ನಿಮ್ಮ ಮೇಲಿರೋದೆಲ್ಲ ಅಲ್ಲಿಗೆ ಮುಗೀತು, ಅಣ್ಣನ ವಿಷಯವೂ.”

ಪಿರೋಷ್ಕಾ ಲೇಖನಿ ತೆಗೆದುಕೊಂಡಳು. ಮೇಷ್ಟ್ರು ಅವಳ ಕಡೆ ನೋಡಲಿಲ್ಲ. ಹಲಗೆ ಒರೆಸುತ್ತಿದ್ದರು, ಒಂದೊಂದೇ ಅಂಕಿ. ಸಹಿಯ ಜಾಗದ ಮೇಲೆ ಅವಳು ಬರೆದಳು: ನನಗೂ ಗೊತ್ತಿತ್ತು. ಕೆಲಸಕ್ಕೆ ಸೇರಿದ ಮೊದಲ ದಿನದಿಂದ. ಅದರ ಕೆಳಗೆ ಹೆಸರು ಬರೆದಳು.

“ತಲೆ ಕೆಟ್ಟಿದೆಯೇನೇ ನಿನಗೆ? ಹೊಡೆದುಹಾಕು ಅದನ್ನ!” ಮೇಷ್ಟ್ರು ಕೂಗಿದರು. ಆರು ವರ್ಷದಲ್ಲಿ ಅವರು ಅವಳ ಮೇಲೆ ದನಿ ಏರಿಸಿದ್ದು ಅದೊಂದೇ ಸಲ.

“ಇಲ್ಲಿರೋ ಎಲ್ಲರಿಗೂ ಗೊತ್ತಿತ್ತು,” ಎಂದಳು ಪಿರೋಷ್ಕಾ ಶಿಪೋಶ್‌ನಿಗೆ. “ಎಲ್ಲರಿಗೂ ಗೊತ್ತಿರೋದು ಪಿತೂರಿ ಹೇಗಾಗತ್ತೆ? ಕೇಳಿ ನೋಡಿ.”

ಶಿಪೋಶ್ ಗೋಡೆಯ ಕಡೆ ತಿರುಗಿದ. “ಯಾರ್ಯಾರಿಗೆ ಗೊತ್ತಿತ್ತು?”

ಹನ್ನೊಂದು ಜನ. ಅಂದು ಬೆಳಿಗ್ಗೆ ಎಂಟು ಗಂಟೆಗೂ ಹಲ್ಲುಮುರುಕಿಯನ್ನು ರೇಗಿಸಿದ್ದ ಹನ್ನೊಂದು ಬಾಯಿಗಳು. ಒಂದೂ ತೆರೆಯಲಿಲ್ಲ. ಏರ್ನಾ ತನ್ನ ಬೂಟಿನ ತುದಿಯನ್ನೇ ನೋಡುತ್ತಿದ್ದಳು. ಅವಳಿಗೆ ಮನೆಯಲ್ಲಿ ಇಬ್ಬರು ಮಕ್ಕಳು. ಬೈಯುವುದು ಸುಲಭ. ಆ ಗೋಡೆಗೆ ಬೆನ್ನು ಕೊಟ್ಟು ನಿಂತವರು ಬೈಯಲಿ.

ಶಿಪೋಶ್ ಕಿಟಕಿಯಾಚೆ ನೋಡಿದ. ನದಿಯ ಮೇಲೆ ಮಂಜುಗಡ್ಡೆಯಿತ್ತು. ಅದು ಕರಗುವ ಮುಂಚೆ ಹಾಳೆಗಳೆಲ್ಲ ಮತ್ತೆ ಆಗಬೇಕು. ಲೆಕ್ಕ ಹಾಕಿದ ಎಂದು ಕಾಣುತ್ತದೆ, ಅವನೂ. ಮೇಜಿನ ಮೇಲಿದ್ದ ಅಳತೆಕೋಲನ್ನು ಎಳೆದುಕೊಂಡು, ಅವಳು ಬರೆದ ಎರಡು ಸಾಲಿನ ಮೇಲೆ ನೀಟಾಗಿ ಎರಡು ಗೆರೆ ಎಳೆದ. ಸಹಿಯನ್ನು ಹಾಗೆಯೇ ಬಿಟ್ಟ.

“ನೀವು ಇಲ್ಲಿ ಬೇಕು,” ಎಂದ. “ನಾಳೆಯಿಂದ ಕಚೇರಿ ನಿಮ್ಮದು.”

ಅವಳು ಕಾಗದ ಕಿತ್ತುಕೊಳ್ಳಲು ಕೈ ಚಾಚಿದಳು. ಅವನು ಅದನ್ನು ಮಡಚಿ ಒಳಜೇಬಿಗೆ ಇಟ್ಟಾಗಿತ್ತು. ಎರಡು ಗಂಟೆ ನಲವತ್ತು ನಿಮಿಷಕ್ಕೆ ಮೇಷ್ಟ್ರು ಕಾರು ಹತ್ತಿದರು, ಟೋಪಿ ಮರೆತು. ಪಿರೋಷ್ಕಾ ಟೋಪಿ ಹಿಡಿದುಕೊಂಡು ಓಡಿದಳು. ಬಾಗಿಲಿನ ಕಾವಲಿನವನು ಅದನ್ನು ಇಸಕೊಂಡು, ಒಳಗೆಲ್ಲ ತಡವಿ ನೋಡಿ, ತಾನೇ ಇಟ್ಟುಕೊಂಡ.

ಮರುದಿನ ಅವಳು ಮೇಷ್ಟ್ರ ಕುರ್ಚಿಯಲ್ಲಿ ಕೂತಳು. ಕೂರದೆ ಏನು ಮಾಡುತ್ತಾಳೆ? ಹನ್ನೆರಡು ಯಂತ್ರಗಳ ಹತ್ತೂ ಗುಂಡಿಗಳನ್ನು ದಿನಾ ತಾನೇ ಒತ್ತಿ ನೋಡಿದಳು. ಹಾಳೆಗಳು ಏಳು ವಾರದಲ್ಲಿ ಮುಗಿದವು, ಏರಿಯೂ ಎದ್ದಿತು. “ಮೇಷ್ಟ್ರನ್ನ ಹಿಡಿದುಕೊಟ್ಟವಳು ನಾನೇ,” ಎಂದು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದಳು. ನೀನು ಬರೆದಿದ್ದೆಯಲ್ಲೇ ಎಂದು ಏರ್ನಾ ಸಮಾಧಾನಕ್ಕೆ ಬಂದರೆ, “ಬರೆದದ್ದರ ಮೇಲೆ ಗೆರೆ ಇದೆ, ಸಹಿ ಮೇಲೆ ಇಲ್ಲ,” ಎನ್ನುತ್ತಿದ್ದಳು. ಮೇಷ್ಟ್ರು ಎಲ್ಲಿದ್ದಾರೆಂದು ಹನ್ನೊಂದು ಅರ್ಜಿ ಹಾಕಿದಳು. ಒಂದಕ್ಕೂ ಉತ್ತರ ಬರಲಿಲ್ಲ.

ಮುಂದಿನ ವರ್ಷ, ಹಾಗೆ ಹಿಡಿದೊಯ್ದವರನ್ನು ದುಡಿಸುತ್ತಿದ್ದ ಶಿಬಿರಗಳನ್ನು ಮುಚ್ಚಿದರು. ಸೆಪ್ಟೆಂಬರಿನ ಒಂದು ಮಧ್ಯಾಹ್ನ ಕಚೇರಿಯ ಬಾಗಿಲಲ್ಲಿ ಒಬ್ಬ ಮುದುಕ ನಿಂತಿದ್ದ. ತಲೆ ಬೋಳು, ಕೈಗಳು ಕಲ್ಲು ಒಡೆಯುವವನವು. ಮೊದಲು ಗುರುತು ಹಿಡಿದವಳು ಏರ್ನಾ. ಅವಳು ಎದ್ದಳು, ಒಬ್ಬೊಬ್ಬರಾಗಿ ಎಲ್ಲರೂ ಎದ್ದು ನಿಂತರು. ಪಿರೋಷ್ಕಾ ಮೇಜು ದಾಟಿ ಬಂದಳು. 

ಮೇಷ್ಟ್ರು ಪಾದ ಜೋಡಿಸಿ, ತೋಳುಗಳನ್ನು ಪಕ್ಕಕ್ಕೆ ಇಳಿಬಿಟ್ಟು, ಅವಳ ಭುಜದಾಚೆಗಿನ ಗೋಡೆಯನ್ನು ನೋಡುತ್ತಾ ಹೇಳಿದರು: “ಕೆಲೆಮೆನ್ ಲೊರಾಂದ್, ಹಾಜರಿ ಹಾಕಲು ಬಂದಿದ್ದೇನೆ, ಮುಖ್ಯಸ್ಥರೇ. ತಮ್ಮಲ್ಲಿ ಕೆಲಸವಿದ್ದರೆ ದಯವಿಟ್ಟು ಅಪ್ಪಣೆ ಕೊಡಬೇಕು.”

“ಕೂತ್ಕೊಳ್ಳಿ ಮೇಷ್ಟ್ರೇ,” ಎಂದು ಅವಳು ತನ್ನ ಕುರ್ಚಿಯನ್ನೇ ಎಳೆದು ಕೊಟ್ಟಳು.

ಎರಡನೇ ಸಲ ಹೇಳುವವರೆಗೂ ಅವರು ಕೂರಲಿಲ್ಲ.